ಸುದ್ದಿಯನ್ನು ಐದು ನಿಮಿಷ ತಡೆಯುವ ವಿದ್ಯೆ

ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಸಿಗದ ತರಬೇತಿಯೇ ಇಲ್ಲ ಅನ್ನುತ್ತಾರೆ. ಮೈತ್ರಿವನಂ ಕಟ್ಟಡದ ಹತ್ತಿರ ನಾಲ್ಕು ಹೆಜ್ಜೆ ನಡೆದರೆ ಸಾಕು, ಕೈಗೆ ಹತ್ತು ಚೀಟಿ ತುರುಕುತ್ತಾರೆ. ಜಾವಾ, ಪೈಥಾನ್, ಸ್ಯಾಪ್, ನಲವತ್ತೈದು ದಿನದಲ್ಲಿ ಇಂಗ್ಲಿಷ್. ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದ ಎಷ್ಟೋ ಹುಡುಗರು ಮೊದಲು ಬಂದು ಇಳಿಯುವುದು ಅಲ್ಲಿಯ ಹಾಸ್ಟೆಲುಗಳಲ್ಲಿ. ನಾನೂ ಆರು ವರ್ಷ ಅದೇ ಬೀದಿಯ ಒಂದು ಮೂರನೆಯ ಮಹಡಿಯಲ್ಲಿ ಕೂತಿದ್ದೆ. ಕಲಿಯುವುದಕ್ಕಲ್ಲ, ಕನ್ನಡದಲ್ಲಿ ಸುದ್ದಿ ಬರೆಯುವುದಕ್ಕೆ. ನಾಲ್ಕು ಭಾಷೆಗಳಲ್ಲಿ ಸುದ್ದಿ ಹಾಕುತ್ತಿದ್ದ ಒಂದು ಸಣ್ಣ ತಾಣ ಅದು. ಕನ್ನಡಕ್ಕೆ ನಾವು ಮೂವರು. ಆ ತಾಣ ಈಗ ಇಲ್ಲ, ಹೆಸರು ಬೇಡ.

ಆ ಆರು ವರ್ಷದಲ್ಲಿ ನನ್ನ ಕೈಗೆ ಬಂದ ಸಾವಿರ ಚೀಟಿಗಳಲ್ಲಿ ಸುದ್ದಿ ಬರೆಯುವುದನ್ನು ಕಲಿಸುತ್ತೇವೆ ಅನ್ನುವ ಚೀಟಿ ಒಂದೂ ಇರಲಿಲ್ಲ. ಇದ್ದಿದ್ದರೂ ನಾನು ಹೋಗುತ್ತಿರಲಿಲ್ಲ. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿದವನಿಗೆ ಮತ್ತೇನು ಕಲಿಸುತ್ತಾರೆ ಎಂಬ ಜಂಬ ಆಗ ನನಗಿತ್ತು.

ಜಂಬಕ್ಕೆ ಮೊದಲ ಪೆಟ್ಟು ಬಿದ್ದದ್ದು ಒಂದು ಊರಿನ ಹೆಸರಿನಿಂದ. ಏಜೆನ್ಸಿಯ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವುದು ನಮ್ಮ ಮುಖ್ಯ ಕೆಲಸ. ಗದಗ ಜಿಲ್ಲೆಯ ರೋಣ ಇಂಗ್ಲಿಷಿನಲ್ಲಿ ಮೂರೇ ಅಕ್ಷರ. ಮಂಡ್ಯ ಕಡೆಯ ನನ್ನ ಸಹೋದ್ಯೋಗಿ ಅದನ್ನು ‘ರಾನ್’ ಎಂದು ಬರೆದ, ನಾನು ನೋಡಿ ಬಿಟ್ಟೆ. ಒಂದು ಗಂಟೆಯೊಳಗೆ ರೋಣದ ಓದುಗರು ನಮ್ಮ ಮಾನ ತೆಗೆದರು. ಅದೇ ತಿಂಗಳು ನಾನೂ ಕೈ ಸುಟ್ಟುಕೊಂಡೆ. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಇರುವ ಶೋರಾಪುರ ಎಂದರೆ ನಮ್ಮ ಸುರಪುರವೇ ಎಂದು ತಿಳಿಯದೆ ಎರಡನ್ನೂ ಒಂದೇ ವರದಿಯಲ್ಲಿ ಬೇರೆ ಬೇರೆ ಊರು ಮಾಡಿಬಿಟ್ಟೆ. ಕಲಬುರಗಿ ಜಿಲ್ಲೆಯವನೇ ಆಗಿ ಪಕ್ಕದ ಜಿಲ್ಲೆಯ ಊರು ಗೊತ್ತಿರಲಿಲ್ಲ. ಇಂಥವನ್ನೆಲ್ಲ ನಾವು ನಕ್ಕು ಮರೆತೆವು. ನಗಲಾಗದ್ದು ಆಮೇಲೆ ಬಂತು.

ಅದನ್ನು ಹೇಳುವ ಮುಂಚೆ ಒಂದು ಮಾತು. ಹೈದರಾಬಾದಿನಲ್ಲಿ ಕೂತು ಕನ್ನಡ ಸುದ್ದಿ ಮಾಡುವುದು ಹೊಸದೇನಲ್ಲ. ಬೆಂಗಳೂರಿನ ಓದುಗರಿಗೆ ಇದು ಈಗಲೂ ವಿಚಿತ್ರ ಅನ್ನಿಸುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. 2000ದ ಡಿಸೆಂಬರ್ 10ರಂದು ಈಟಿವಿ ಕನ್ನಡ ಶುರುವಾದಾಗ ಅದರ ಸುದ್ದಿ ಮನೆ ಇದ್ದದ್ದು ವಿಜಯವಾಡ ರಸ್ತೆಯಲ್ಲಿ, ಹಯತ್‌ನಗರ ದಾಟಿದ ಮೇಲೆ ಬರುವ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಕರ್ನಾಟಕದ ಜಿಲ್ಲೆ ಜಿಲ್ಲೆಗಳಿಂದ ಆಯ್ಕೆಯಾದ ಹುಡುಗ ಹುಡುಗಿಯರು ಅಲ್ಲಿಗೆ ಬಂದು ಇಳಿದರು. ತೆಲುಗು ಬಾರದು, ಹಿಂದಿ ಅರ್ಧಂಬರ್ಧ, ಊಟಕ್ಕೆ ಜೋಳದ ರೊಟ್ಟಿ ಇಲ್ಲ. ಆದರೆ ಅಲ್ಲಿ ಒಂದು ಪದ್ಧತಿ ಇತ್ತು. 1974ರಲ್ಲಿ ವಿಶಾಖಪಟ್ಟಣದಲ್ಲಿ ಹುಟ್ಟಿದ ‘ಈನಾಡು’ ಪತ್ರಿಕೆ 1989ರಲ್ಲಿ ಜಿಲ್ಲೆಗೊಂದು ಪುರವಣಿ ಶುರು ಮಾಡಿತ್ತು. ಅದಕ್ಕಾಗಿ ಮಂಡಲ ಮಂಡಲಗಳಲ್ಲಿ ಸುದ್ದಿಗಾರರನ್ನು ನೇಮಿಸಿತು. ಅಷ್ಟು ಜನ ಸಿದ್ಧವಾಗಿ ಎಲ್ಲಿ ಸಿಗುತ್ತಾರೆ? ತಾನೇ ತಯಾರು ಮಾಡಿಕೊಳ್ಳಬೇಕು. ಪರೀಕ್ಷೆ ಇಟ್ಟು ಆರಿಸಿ, ಸ್ಟೈಪೆಂಡ್ ಕೊಟ್ಟು ಕಲಿಸುವ ಸ್ವಂತ ಶಾಲೆಯನ್ನೇ ಆ ಸಂಸ್ಥೆ ನಡೆಸಿತು. ಭಾರತೀಯ ಭಾಷಾ ಪತ್ರಿಕೆಗಳ ಬಗ್ಗೆ ದೊಡ್ಡ ಅಧ್ಯಯನ ಮಾಡಿದ ರಾಬಿನ್ ಜೆಫ್ರಿ ‘ಈನಾಡು’ವಿನ ಈ ಜಿಲ್ಲಾ ಪ್ರಯೋಗವನ್ನು ವಿಶೇಷವಾಗಿ ಗಮನಿಸಿದ್ದಾರೆ. ಸುದ್ದಿ ಬರೆಯುವವನನ್ನು ಹುಟ್ಟಿನಿಂದ ಬಂದ ಪ್ರತಿಭೆಯೆಂದು ನೋಡದೆ, ಕಲಿಸಿದರೆ ಕಲಿಯುವ ಕಸುಬುದಾರನೆಂದು ನೋಡುವುದು ಆ ಮನೆಯ ರೀತಿ.

ಅದರ ಲಾಭ ಕನ್ನಡಕ್ಕೂ ಆಯಿತು. ಅಲ್ಲಿ ಬೆವರು ಸುರಿಸಿದವರು ಆಮೇಲೆ ಬೆಂಗಳೂರಿನ ಒಂದಲ್ಲ ಒಂದು ಚಾನೆಲ್ಲಿನಲ್ಲಿ ಕಾಣಿಸಿಕೊಂಡರು. ಬೆಂಗಳೂರಿನ ಟಿವಿಯವರು ನಾಲ್ಕು ಜನ ಕೂತರೆ ಒಬ್ಬರಾದರೂ ‘ನಾವು ಫಿಲ್ಮ್ ಸಿಟಿಯಲ್ಲಿದ್ದಾಗ’ ಎಂದು ಕಥೆ ಶುರು ಮಾಡುತ್ತಾರೆ. 2006ರಲ್ಲಿ ಬಂದ ಟಿವಿ9 ಕನ್ನಡದ ಮಾತೃಸಂಸ್ಥೆಯೂ ಹೈದರಾಬಾದಿನದ್ದೇ. 2019ರ ಮಾರ್ಚಿನಲ್ಲಿ ಈಟಿವಿ ಭಾರತ್ ಎಂಬ ಬಹುಭಾಷಾ ಸುದ್ದಿ ಆ್ಯಪ್ ಶುರುವಾದಾಗ ಅದೇ ಫಿಲ್ಮ್ ಸಿಟಿಗೆ ಮತ್ತೊಂದು ತಲೆಮಾರಿನ ಕನ್ನಡದ ಹುಡುಗರು ಬಂದರು. ಅವರಲ್ಲಿ ಕೆಲವರನ್ನು ನಾನು ಕಾಚಿಗೂಡದ ಕನ್ನಡ ಕಾರ್ಯಕ್ರಮಗಳಲ್ಲಿ ಭೇಟಿಯಾಗುತ್ತಿದ್ದೆ. ಅವರಿಗೆ ಹಿಂದೆ ಒಂದು ವ್ಯವಸ್ಥೆ ಇತ್ತು. ಅಮೀರ್‌ಪೇಟೆಯ ಮೂರನೆಯ ಮಹಡಿಯ ನಮಗೆ ಒಂದು ವೈಫೈ ಇತ್ತು, ಅಷ್ಟೇ.

2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನಲ್ಲಿ ಇದ್ದವರು ಆ ಮಳೆಯನ್ನು ಮರೆತಿರಲಾರರು. ಕೆರೆಗಳು ಒಡೆದವು, ಕಾರುಗಳು ಬೆಂಕಿಪೊಟ್ಟಣದ ಹಾಗೆ ತೇಲಿದವು. ನಮ್ಮ ಗಲ್ಲಿಯಲ್ಲೂ ಮೊಣಕಾಲು ಮುಳುಗುವಷ್ಟು ನೀರು. ಕೊರೊನಾ ಕಾಲವಾದ್ದರಿಂದ ಎಲ್ಲರೂ ಮನೆಯಿಂದಲೇ ಕೆಲಸ. ಕರೆಂಟ್ ಇಲ್ಲ. ಪವರ್ ಬ್ಯಾಂಕ್‌ನಲ್ಲಿ ಫೋನು ಉಸಿರಾಡುತ್ತಿತ್ತು. ಆ ವಾರವೇ ಊರ ಕಡೆ ಭೀಮಾ ಉಕ್ಕಿ ಬಂತು. ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ನನ್ನ ಫೋನಿಗೆ ನಿಮಿಷಕ್ಕೊಂದು ವಿಡಿಯೊ.

ಅದರಲ್ಲಿ ಒಂದು ಹದಿನೆಂಟು ಸೆಕೆಂಡಿನದ್ದು. ಕೆಂಪು ನೀರು, ಸೇತುವೆಯ ಒಂದು ಕಮಾನು ಕುಸಿದು ಕೊಚ್ಚಿಹೋಗುತ್ತದೆ, ಹಿಂದೆ ಜನ ಕೂಗುತ್ತಾರೆ. ಕಳಿಸಿದವನು ನನ್ನ ಹೈಸ್ಕೂಲಿನ ಗೆಳೆಯ. ನಮ್ಮೂರಿಂದ ಕಲಬುರಗಿಗೆ ಹೋಗುವ ದಾರಿಯ ಹಳ್ಳದ ಸೇತುವೆ ಅಂತ ಬರೆದಿದ್ದ. ಆ ಸೇತುವೆಯ ಮೇಲೆ ನಾನು ಹತ್ತು ವರ್ಷ ಓಡಾಡಿದ್ದೇನೆ. ಅದಕ್ಕೆ ಕಮಾನು ಇತ್ತೇ ಇಲ್ಲವೇ? ಆಗ ಆ ಪ್ರಶ್ನೆಯೇ ಬರಲಿಲ್ಲ. ಗೆಳೆಯ ಸುಳ್ಳು ಹೇಳುತ್ತಾನೆಯೆ? ನಾಲ್ಕು ಸಾಲು ಬರೆದೆ, ಏರಿಸಿದೆ. ರಾತ್ರಿ ಹತ್ತೂ ಮುಕ್ಕಾಲು. ಬೆಳಗಾಗುವಷ್ಟರಲ್ಲಿ ಆ ತಿಂಗಳಲ್ಲೇ ಅತಿ ಹೆಚ್ಚು ಜನ ನೋಡಿದ ಸುದ್ದಿ ಅದಾಗಿತ್ತು. ನಮ್ಮ ಮ್ಯಾನೇಜರ್ ಹೆಬ್ಬೆರಳಿನ ಚಿತ್ರ ಕಳಿಸಿದರು.

ಮೂರನೆಯ ದಿನ ಸಂಜೆ ಕಾಕಾನ ಮಗ ಫೋನ್ ಮಾಡಿದ. ನನ್ನ ಕಾಕಿಗೆ ಆಗ ವಾರಕ್ಕೆ ಎರಡು ಸಲ ಕಲಬುರಗಿಯಲ್ಲಿ ಡಯಾಲಿಸಿಸ್ ಆಗುತ್ತಿತ್ತು.

‘ಅಣ್ಣಾ, ಅವ್ವನ್ನ ಈಗ ದವಾಖಾನಿಗೆ ಹಾಕೀವಿ. ದಮ್ಮು ಹತ್ತಿತ್ತು. ಈಗ ಆರಾಮ ಅದಾಳ.’

‘ಮೊನ್ನೆ ಡಯಾಲಿಸಿಸ್ ಆಗಲಿಲ್ಲೇನು?’

‘ಹ್ಯಾಂಗ ಹೋಗೂದು? ಬ್ರಿಜ್ ಹರ್ಕೊಂಡು ಹೋಗ್ಯಾದ ಅಂತ ನೀನೇ ಹಾಕಿದ್ದಿ. ಸುತ್ತು ಹಾಕಿ ಹೋಗಾಕ ಗಾಡಿಯವ್ರು ಯಾರೂ ಬರಲಿಲ್ಲ. ಇವತ್ತು ಒಬ್ಬಾವ ಹೇಳಿದ, ಬ್ರಿಜ್ ಛೊಲೋ ಅದ, ನೀರೂ ಇಳದದ ಅಂತ.’

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಅಣ್ಣ ಹಾಕಿದ್ದು ಅಂದಮೇಲೆ ಖರೇ ಇರಬೇಕು ಎಂದೇ ಅವನು ನಂಬಿದ್ದ. ನಾನು ಏನು ಮಾಡಿದೆ ಅಂದರೆ, ಫೋನಿಟ್ಟವನೇ ಆ ಸುದ್ದಿಯನ್ನು ಅಳಿಸಿ ಹಾಕಿದೆ. ತಪ್ಪಾಯಿತು ಎಂದು ಒಂದು ಸಾಲೂ ಬರೆಯಲಿಲ್ಲ. ನೋಡಿದ ಅಷ್ಟೂ ಜನರಲ್ಲಿ ಎಷ್ಟು ಜನ ಆ ವಾರ ದಾರಿ ಬದಲಿಸಿದರೋ, ಮನೆಯಲ್ಲೇ ಉಳಿದರೋ ನನಗೆ ಗೊತ್ತಿಲ್ಲ. ಕಾಕಿ ಉಳಿದಳು. ಒಂದು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಇದನ್ನು ನಾನು ಎರಡು ವರ್ಷ ಯಾರಿಗೂ ಹೇಳಲಿಲ್ಲ.

ಹೇಳಿದ್ದು 2022ರಲ್ಲಿ, ಸೋಮಾಜಿಗೂಡದ ಒಂದು ಸಭಾಂಗಣದಲ್ಲಿ. ಪತ್ರಕರ್ತರಿಗೆ ಎರಡು ದಿನದ ಕಾರ್ಯಾಗಾರ, ವಿಷಯ ಸುದ್ದಿ ಮತ್ತು ವಿಡಿಯೊಗಳ ಪರಿಶೀಲನೆ. ಊಟ ಉಚಿತ, ಸರ್ಟಿಫಿಕೇಟ್ ಉಂಟು. ನಿಜ ಹೇಳಬೇಕೆಂದರೆ ಹೊಸ ಕೆಲಸ ಹುಡುಕುತ್ತಿದ್ದ ನಾನು ಹೋದದ್ದು ಸರ್ಟಿಫಿಕೇಟಿಗಾಗಿ. ಮೂವತ್ತು ಜನರಲ್ಲಿ ತೆಲುಗಿನವರೇ ಹೆಚ್ಚು, ಏಳೆಂಟು ಜನ ಉರ್ದು ಪತ್ರಿಕೆಗಳವರು, ಕನ್ನಡದವರು ನಾನು ಮತ್ತು ಇನ್ನೊಬ್ಬಳು ಹುಡುಗಿ. ಕಲಿಸಲು ಬಂದವರು ಒಬ್ಬ ನಡುವಯಸ್ಸಿನ ಮಹಿಳೆ, ಹಿಂದೆ ತೆಲುಗು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದವರು. ಬಂದವರೇ ಒಂದು ವಿಡಿಯೊ ಹಾಕಿದರು. ಬೈಕಿನಲ್ಲಿ ಇಬ್ಬರು ಬರುತ್ತಾರೆ, ರಸ್ತೆಯಲ್ಲಿ ಆಡುತ್ತಿರುವ ಮಕ್ಕಳಲ್ಲಿ ಒಂದನ್ನು ಎತ್ತಿಕೊಂಡು ಹೋಗುತ್ತಾರೆ. ‘ಇದನ್ನು ಯಾರು ಯಾರು ಮೊದಲೇ ನೋಡಿದ್ದೀರಿ?’ ಎಂದರು. ಎಲ್ಲರ ಕೈ ಮೇಲೆ.

ನೀವೂ ನೋಡಿರುತ್ತೀರಿ. 2018ರಲ್ಲಿ ಇದು ದಕ್ಷಿಣ ಭಾರತದ ಎಲ್ಲ ಫೋನುಗಳಲ್ಲಿ ಸುತ್ತಿತು, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಒಕ್ಕಣೆಯೊಡನೆ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಯ ಬಗ್ಗೆ ಜನರನ್ನು ಎಚ್ಚರಿಸಲು ಮಾಡಿದ ಕಿರುಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದ್ದರು. ಉಳಿದದ್ದು ಅಪಹರಣ.

ಆ ವದಂತಿ ಏನು ಮಾಡಿತು ಎಂಬುದನ್ನು ಅವರು ಕ್ರಮವಾಗಿ ಹೇಳಿದರು. 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಮೂರು ದಿನ ಕಳೆದು ಹೈದರಾಬಾದಿನ ಚಾಂದ್ರಾಯಣಗುಟ್ಟದಲ್ಲಿ ಒಬ್ಬ ತೃತೀಯಲಿಂಗಿ ಮಹಿಳೆಗೆ ಅದೇ ಗತಿಯಾಯಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಹೈದರಾಬಾದಿನ ಮಲಕ್‌ಪೇಟೆಯಿಂದ ಗೆಳೆಯರೊಡನೆ ಹೋಗಿದ್ದ ಸಾಫ್ಟ್‌ವೇರ್ ಎಂಜಿನಿಯರನ್ನು ಗುಂಪು ಕೊಂದಿತು. ದಾರಿಯಲ್ಲಿ ಅವರಲ್ಲೊಬ್ಬರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಯಾರೋ ಫೋನಿನಲ್ಲಿ ಸೆರೆಹಿಡಿದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಕಾರು ಮುರ್ಕಿ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಗುಂಪಿನ ಅಡ್ಮಿನ್ ಸೇರಿ ಹಲವರ ಬಂಧನವಾಯಿತು. ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ಹಾಕುವುದಾಗಿ ಹೇಳಿತು.

ಹೈದರಾಬಾದಿನ ಕನ್ನಡಿಗನಾದ ನನಗೆ ಮುರ್ಕಿ ಬರೀ ಒಂದು ಉದಾಹರಣೆಯಾಗಿ ಕೇಳಲಿಲ್ಲ. ಸತ್ತವನು ಈ ಊರಿನವನು, ಹೊಡೆದವರು ನನ್ನ ಭಾಷೆಯವರು, ನಡುವೆ ಇದ್ದದ್ದು ಒಂದು ದಾರಿ, ಅಷ್ಟೇ.

ಸಂಜೆ ಹೋಮ್‌ವರ್ಕ್ ಕೊಟ್ಟರು. ನೀವೇ ಎಂದಾದರೂ ಪ್ರಕಟಿಸಿದ, ಆಮೇಲೆ ಅನುಮಾನ ಬಂದ ಒಂದು ಚಿತ್ರ ಅಥವಾ ವಿಡಿಯೊ ತನ್ನಿ. ರಾತ್ರಿ ಹಳೆಯ ಫೋನು ತೆಗೆದೆ. ಆ ಹದಿನೆಂಟು ಸೆಕೆಂಡು ಅಲ್ಲೇ ಇತ್ತು.

ಮಾರನೆಯ ದಿನ ಅದನ್ನು ಎಲ್ಲರೆದುರು ಹಾಕಿದೆ. ವಿಧಾನ ಬಹಳ ಸರಳ. ವಿಡಿಯೊವನ್ನು ಬಿಡಿ ಬಿಡಿ ಚಿತ್ರಗಳಾಗಿ ಒಡೆಯುವುದು, ಇನ್‌ವಿಡ್ ಎಂಬ ಉಚಿತ ಸಲಕರಣೆ ಅದನ್ನು ಮಾಡುತ್ತದೆ. ಅದು ಬೇಡವೆಂದರೆ ಫೋನಿನಲ್ಲೇ ಮೂರು ಸ್ಕ್ರೀನ್‌ಶಾಟ್ ತೆಗೆದರೂ ನಡೆಯುತ್ತದೆ. ಆ ಚಿತ್ರಗಳನ್ನು ಗೂಗಲ್ ಲೆನ್ಸ್, ಯಾಂಡೆಕ್ಸ್ ಇಂಥವುಗಳಲ್ಲಿ ಹಾಕಿ ಇದೇ ಚಿತ್ರ ಹಿಂದೆ ಎಲ್ಲಾದರೂ ಬಂದಿದೆಯೇ ಎಂದು ಹುಡುಕುವುದು. ನಾಲ್ಕನೆಯ ನಿಮಿಷಕ್ಕೆ ಸಿಕ್ಕಿತು. 2018ರಲ್ಲೇ ಯಾರೋ ಏರಿಸಿದ್ದರು. ಕೆಳಗಿನ ಒಕ್ಕಣೆ ನನಗೆ ಓದಲು ಬಾರದ, ಬೇರೊಂದು ರಾಜ್ಯದ ಲಿಪಿಯಲ್ಲಿತ್ತು.

ನಾಲ್ಕು ನಿಮಿಷ. ನಾನು ಕಾಕಿಯ ವಿಷಯ ಹೇಳಿದೆ. ಸಭಾಂಗಣ ಸುಮ್ಮನಾಯಿತು. ಒಬ್ಬ ಹಿರಿಯ ಉರ್ದು ಪತ್ರಕರ್ತರು ಎದ್ದು ನಿಂತು ತಮ್ಮದೂ ಒಂದು ಇದೆ ಎಂದರು. ಆಮೇಲೆ ಇನ್ನೊಬ್ಬರು. ಊಟದ ಹೊತ್ತು ಮೀರಿ ಹೋಯಿತು. ಎರಡು ದಿನದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಗಂಟೆ ಅದೇ, ಅದು ಟೈಮ್‌ಟೇಬಲ್ಲಿನಲ್ಲಿ ಇರಲಿಲ್ಲ.

ಕಲಿಸುವವರು ಕೇಳಿದ್ದು ಒಂದೇ. ‘ಅಳಿಸಿದಿರಿ. ಸರಿ. ನಿಮ್ಮ ಸುದ್ದಿ ನಂಬಿ ಮನೆಯಲ್ಲಿ ಕೂತವರಿಗೆ ಅಳಿಸಿದ್ದು ಗೊತ್ತಾಗುವುದು ಹೇಗೆ?’ ಇದಕ್ಕೆ ಎಂ.ಎ. ಮಾಡಿದವನ ಬಳಿ ಉತ್ತರವಿರಲಿಲ್ಲ.

ಹಳೆಯ ಪತ್ರಿಕೆಗಳಲ್ಲಿ ಇದಕ್ಕೆ ಬೇರೆ ಏರ್ಪಾಡು ಇತ್ತು. ತಾಲೂಕಿನವನು ಬರೆದದ್ದನ್ನು ಜಿಲ್ಲೆಯವನು ನೋಡುತ್ತಿದ್ದ, ಉಪಸಂಪಾದಕ ತಿದ್ದುತ್ತಿದ್ದ, ಮುಖ್ಯ ಉಪಸಂಪಾದಕ ಗದರುತ್ತಿದ್ದ, ಕರಡು ತಿದ್ದುವವರು ಕೊನೆಗೆ ಹಿಡಿದು ನಿಲ್ಲಿಸುತ್ತಿದ್ದರು. ರೋಣ ರಾನ್ ಆಗಬೇಕಾದರೆ ಐದು ಜನರ ಕಣ್ಣು ತಪ್ಪಿಸಬೇಕಿತ್ತು. ಪತ್ರಿಕೋದ್ಯಮದ ಪಾಠ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರಿಂದ ಶುರುವಾಯಿತು. ಇಲ್ಲಿ ಉಸ್ಮಾನಿಯಾದಲ್ಲಿ 1954ರಲ್ಲಿ ಡಿ ಫಾರೆಸ್ಟ್ ಓಡೆಲ್ ಎಂಬ ಅಮೆರಿಕನ್ ಪ್ರಾಧ್ಯಾಪಕರು ಆರಂಭಿಸಿದರು. ಆದರೂ ಬಹಳ ಕಾಲ ನಮ್ಮ ಪತ್ರಕರ್ತರು ಕಲಿತದ್ದು ಡೆಸ್ಕಿನಲ್ಲಿ, ಬೈಸಿಕೊಂಡು. ಈಗ ಆ ಐದು ಜನರೂ ಒಬ್ಬನೇ. ಅವನ ಫೋನಿಗೆ ವಿಡಿಯೊ ಬರುತ್ತದೆ, ಅವನ ಬೆರಳೇ ಅದನ್ನು ಏರಿಸುತ್ತದೆ. ಸಂಸ್ಥೆಗಳು ಕರಡು ತಿದ್ದುವವರ ಸಂಬಳ ಉಳಿಸಿದವು, ಆ ಕೆಲಸವನ್ನು ಎರಡು ದಿನದ ಕಾರ್ಯಾಗಾರದಲ್ಲಿ ನಮ್ಮ ತಲೆಯೊಳಗೇ ಕೂರಿಸಲು ನೋಡುತ್ತಿದ್ದಾರೆ. ನನ್ನ ಮಟ್ಟಿಗೆ ಈ ತರಬೇತಿಗಳ ಅರ್ಥ ಇಷ್ಟೇ. ದುಬಾರಿ ಮನುಷ್ಯನ ಬದಲಿಗೆ ಅಗ್ಗದ ವ್ಯವಸ್ಥೆ. ಆದರೂ ಇಲ್ಲದಿರುವುದಕ್ಕಿಂತ ವಾಸಿ.

ಇಲ್ಲವೇ ಇಲ್ಲ ಎಂದೂ ಅಲ್ಲ. ಮುರ್ಕಿ ಘಟನೆಗೆ ಒಂದು ತಿಂಗಳ ಮೊದಲು, 2018ರ ಜೂನ್‌ನಲ್ಲಿ, ಗೂಗಲ್ ಸಂಸ್ಥೆ ಒಂದು ವರ್ಷದಲ್ಲಿ ಭಾರತದ 8,000 ಪತ್ರಕರ್ತರಿಗೆ ಪರಿಶೀಲನೆಯ ತರಬೇತಿ ಕೊಡುವುದಾಗಿ ಘೋಷಿಸಿತ್ತು. ಇಂಗ್ಲಿಷ್ ಮತ್ತು ಆರು ಭಾರತೀಯ ಭಾಷೆಗಳಲ್ಲಿ, ಅವುಗಳಲ್ಲಿ ಕನ್ನಡವೂ ಒಂದು. ಮೊದಲು 200 ಜನರನ್ನು ಐದು ದಿನ ಕಲಿಸಿ, ಅವರ ಮೂಲಕ ಉಳಿದವರಿಗೆ ಕಲಿಸುವುದು ಯೋಜನೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ ಇಲ್ಲಿಯ ಅಮೆರಿಕನ್ ಕಾನ್ಸುಲೇಟ್ ಜೊತೆ ಸೇರಿ ಮೊದಲು ತೆಲುಗು ಟಿವಿಯವರಿಗೆ, ಆಮೇಲೆ ಉರ್ದು ಪತ್ರಕರ್ತರಿಗೆ ಇಂಥದೇ ತರಬೇತಿ ನಡೆಸಿತು. ಕರ್ನಾಟಕದಲ್ಲಿ ಮಾಧ್ಯಮ ಅಕಾಡೆಮಿ ಇದೆ, ತೆಲಂಗಾಣದಲ್ಲೂ ಮಾಧ್ಯಮ ಅಕಾಡೆಮಿ ಇದೆ. ಹೈದರಾಬಾದಿನಲ್ಲಿ ಕೂತು ಕನ್ನಡದಲ್ಲಿ ಬರೆಯುವವನು ಎಲ್ಲಿಯವನು? ಒಮ್ಮೆ ಒಂದು ತರಬೇತಿಯ ಅರ್ಜಿಯಲ್ಲಿ ‘ಕರ್ನಾಟಕದ ಯಾವ ಜಿಲ್ಲೆಯಲ್ಲಿ ಕೆಲಸ’ ಎಂಬ ಕಾಲಂ ಇತ್ತು. ಇನ್ನೊಂದರಲ್ಲಿ ಭಾಷೆಯ ಪಟ್ಟಿಯಲ್ಲಿ ಕನ್ನಡವೇ ಇರಲಿಲ್ಲ. ಮನೆಯ ಮಗನೂ ಅಲ್ಲ, ಅಳಿಯನೂ ಅಲ್ಲ.

ಸೋಮಾಜಿಗೂಡದಲ್ಲಿ ಹೇಳಿಕೊಟ್ಟದ್ದೆಲ್ಲ ಚೆನ್ನಾಗಿತ್ತು. ಆದರೆ ಉದಾಹರಣೆಗಳು ಸಿರಿಯಾದ್ದು, ಫ್ಲಾರಿಡಾದ ಚಂಡಮಾರುತದ್ದು, ಹೆಚ್ಚೆಂದರೆ ದೆಹಲಿಯದು. ಚಿತ್ರದಲ್ಲಿನ ಬೋರ್ಡು, ನಂಬರ್ ಪ್ಲೇಟ್, ಬಸ್ಸಿನ ಬಣ್ಣ ನೋಡಿ ಎಂದರು. ನಮ್ಮ ಬಸ್ಸು, ನಮ್ಮ ಪ್ಲೇಟು ಯಾರು ಹೇಳಿಕೊಡಬೇಕು? ಅದನ್ನು ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ.

ಅದರಿಂದ ಒಂದೆರಡು ಹೇಳುತ್ತೇನೆ, ನಿಮಗೂ ಫ್ಯಾಮಿಲಿ ಗ್ರೂಪಿನಲ್ಲಿ ಉಪಯೋಗಕ್ಕೆ ಬರಬಹುದು. ಕೆಎ 32 ಎಂದರೆ ಕಲಬುರಗಿ, 33 ಯಾದಗಿರಿ, 36 ರಾಯಚೂರು, 37 ಕೊಪ್ಪಳ, 38 ಬೀದರ್. ಬೀದರಿನ ಗಲಾಟೆ ಎಂದು ಬಂದ ವಿಡಿಯೊದಲ್ಲಿ ಒಂದೂ 38 ಕಾಣದಿದ್ದರೆ ಕಣ್ಣು ಕಿರಿದು ಮಾಡಬೇಕು. ತೆಲಂಗಾಣದ ಗಾಡಿಗಳಿಗೆ ಟಿಎಸ್ ಬಂದದ್ದು 2014ರ ಜೂನ್‌ನಲ್ಲಿ ರಾಜ್ಯ ಆದಮೇಲೆ. ಟಿಜಿ ಬಂದದ್ದು 2024ರ ಮಾರ್ಚಿನಲ್ಲಿ. ಹಾಗಾಗಿ 2020ರ ಪ್ರವಾಹ ಎನ್ನುವ ದೃಶ್ಯದಲ್ಲಿ ಟಿಜಿ ಪ್ಲೇಟ್ ಕಂಡರೆ ಅದು 2020 ಅಲ್ಲ, ಮುಗಿಯಿತು. ನಮ್ಮ ಕಡೆಯ ಈಶಾನ್ಯ ಕರ್ನಾಟಕ ಸಾರಿಗೆ ಸಂಸ್ಥೆ ಕಲ್ಯಾಣ ಕರ್ನಾಟಕ ಎಂದು ಹೆಸರು ಬದಲಿಸಿಕೊಂಡದ್ದು 2021ರಲ್ಲಿ. ಆದರೆ ಹಳೆಯ ಬಸ್ಸಿಗೆ ಹಳೆಯ ಹೆಸರು ಉಳಿದಿರಬಹುದು, ಆದ್ದರಿಂದ ಹೊಸ ಹೆಸರಷ್ಟೇ ಗಟ್ಟಿ ಸಾಕ್ಷಿ.

ಇನ್ನು ಲಿಪಿ. ದೆಹಲಿ, ಮುಂಬಯಿಯವರಿಗೆ ಕನ್ನಡವೂ ತೆಲುಗೂ ಒಂದೇ. ಕಾರ್ಯಾಗಾರದಲ್ಲಿ ಹಿಂದಿಯ ಒಬ್ಬ ಗೆಳೆಯ ಒಂದು ಅಂಗಡಿಯ ಬೋರ್ಡು ತೋರಿಸಿ ಇದು ಯಾವ ರಾಜ್ಯ ಎಂದು ಕೇಳಿದ. ನಮ್ಮ ತಲಕಟ್ಟು ಮಲಗಿರುತ್ತದೆ, ತೆಲುಗಿನದು ಮೇಷ್ಟ್ರು ಹಾಕಿದ ರೈಟ್ ಗುರುತಿನ ಹಾಗೆ ಎದ್ದಿರುತ್ತದೆ ಎಂದೆ. ‘ಕ’ ಮತ್ತು ‘ತ’ ಹುಡುಕು, ಎರಡೂ ಲಿಪಿಯಲ್ಲಿ ಅವು ಬೇರೆ ಬೇರೆಯೇ ಎಂದೆ. ಹತ್ತು ನಿಮಿಷದಲ್ಲಿ ಅವನು ಕಲಿತ. ಎರಡು ದಿನದಲ್ಲಿ ನಾನು ಕಲಿಸಿದ್ದು ಅದೊಂದೇ, ಆದರೆ ಕಲಿಸಬಹುದು ಎಂಬ ಹುಚ್ಚು ಹತ್ತಿದ್ದೂ ಅಲ್ಲೇ.

ಕಳೆದ ಎರಡು ವರ್ಷಗಳಿಂದ ತಿಂಗಳಿಗೆ ಎರಡು ಭಾನುವಾರ, ರಾತ್ರಿ ಎಂಟರಿಂದ ಹತ್ತರವರೆಗೆ ಫೋನಿನಲ್ಲೇ ಒಂದು ಪಾಠ ನಡೆಸುತ್ತೇನೆ. ದೊಡ್ಡ ಹೆಸರೇನೂ ಇಟ್ಟಿಲ್ಲ. ಸೇಡಂ, ಚಿಂಚೋಳಿ, ಚಿತ್ತಾಪುರ, ಆಳಂದ ಕಡೆಯ ಏಳು ಜನ ತಾಲೂಕು ಸುದ್ದಿಗಾರರು. ಒಬ್ಬ ಝೆರಾಕ್ಸ್ ಅಂಗಡಿ ನಡೆಸುತ್ತಾನೆ, ಒಬ್ಬರು ವಿಮಾ ಏಜೆಂಟ್, ಒಬ್ಬಾಕೆ ಅತಿಥಿ ಶಿಕ್ಷಕಿ. ಸುದ್ದಿಯಿಂದ ಹೊಟ್ಟೆ ತುಂಬುವವರು ಅವರಲ್ಲಿ ಯಾರೂ ಇಲ್ಲ. ಕಳಿಸಿದ ಸುದ್ದಿಗೆ ಇಷ್ಟು ಎಂದು ಸಿಗುತ್ತದೆ, ಕೆಲವರಿಗೆ ಅದೂ ಇಲ್ಲ, ಬದಲಿಗೆ ಜಾಹೀರಾತು ತರಬೇಕು.

ಮೊದಲ ದಿನವೇ ವಿಮಾ ಏಜೆಂಟರು ನನ್ನ ಪಾಠದ ಬೇರಿಗೆ ಕೈ ಹಾಕಿದರು. ‘ಸರ್, ನೀವು ಹೇಳೂದೆಲ್ಲ ಬರೋಬರಿ ಅದ. ಆದ್ರ ನಾ ಐದು ಮಿನಿಟ್ ಚೆಕ್ ಮಾಡ್ಕೋತ ಕುಂತ್ರ ಬ್ಯಾರೆದವ ಹಾಕಿಬಿಡ್ತಾನ. ಡೆಸ್ಕಿನಿಂದ ಫೋನ್ ಬರ್ತದ, ನಿನಗ್ಯಾಕ ಸಿಗಲಿಲ್ಲ ಅಂತ. ಚೆಕ್ ಮಾಡಿದ್ದಕ್ಕ ರೊಕ್ಕ ಯಾರೂ ಕೊಡಂಗಿಲ್ಲ.’

ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಈಗಲೂ ಇಲ್ಲ. ತಡೆದವನಿಗೆ ನಷ್ಟ, ತಪ್ಪು ಹಾಕಿದವನಿಗೆ ಲಾಭ ಎನ್ನುವ ಲೆಕ್ಕ ಬದಲಾಗದೆ ಎಷ್ಟು ಕಾರ್ಯಾಗಾರ ಮಾಡಿದರೂ ಅರ್ಧವೇ. ನಾನು ಅವರಿಗೆ ಕಾಕಿಯ ಕಥೆ ಹೇಳಿದೆ, ಅಷ್ಟೇ. ಪರದೆಯ ಮೇಲೆ ಏಳೂ ಮುಖ ಸುಮ್ಮನಿದ್ದವು. ಆಮೇಲೆ ಅತಿಥಿ ಶಿಕ್ಷಕಿ ಒಂದು ಉಪಾಯ ಹೇಳಿದರು. ಒಬ್ಬರೇ ನೋಡಿದರೆ ಐದು ನಿಮಿಷ, ಏಳು ಜನ ಕೂಡಿ ನೋಡಿದರೆ ಒಂದೇ ನಿಮಿಷ ಅಲ್ಲವೇ? ಅಂದಿನಿಂದ ನಮ್ಮದೊಂದು ಗುಂಪಿದೆ. ಅನುಮಾನದ ವಿಡಿಯೊ ಬಂದರೆ ಅಲ್ಲಿ ಹಾಕುತ್ತಾರೆ. ಒಬ್ಬರು ಚಿತ್ರ ಹುಡುಕುತ್ತಾರೆ, ಒಬ್ಬರು ಠಾಣೆಗೆ ಫೋನ್ ಮಾಡುತ್ತಾರೆ, ಒಬ್ಬರು ಆ ಊರಿನ ಗ್ರಾಮ ಪಂಚಾಯಿತಿಯವರಿಗೆ. ಪ್ರತಿಸ್ಪರ್ಧಿ ಪತ್ರಿಕೆಗಳವರು ಹೀಗೆ ಕೂಡಿ ಕೆಲಸ ಮಾಡುವುದು ಅವರ ಡೆಸ್ಕಿನವರಿಗೆ ಗೊತ್ತಾದರೆ ಏನನ್ನುತ್ತಾರೋ. ಅದಕ್ಕೇ ಇಲ್ಲಿ ಯಾರ ಹೆಸರೂ ಬರೆದಿಲ್ಲ.

ಕಳೆದ ವರ್ಷ ಮಳೆಗಾಲದ ಒಂದು ರಾತ್ರಿ ಝೆರಾಕ್ಸ್ ಅಂಗಡಿಯ ಹುಡುಗ ಗುಂಪಿಗೆ ಒಂದು ಫೋಟೊ ಹಾಕಿದ. ಕಂಬಳಿ ಮಾರುವ ಇಬ್ಬರು ಹೆಂಗಸರು, ಕೆಳಗೆ ಮಕ್ಕಳ ಕಳ್ಳಿಯರು ಎಂಬ ಒಕ್ಕಣೆ, ಅವನ ಪಕ್ಕದ ಹಳ್ಳಿಯ ಹೆಸರು. ಅವನು ಅದನ್ನು ಸುದ್ದಿ ಮಾಡಲಿಲ್ಲ, ಠಾಣೆಗೆ ಫೋನ್ ಮಾಡಿದ. ಪೊಲೀಸರು ಹೋದಾಗ ಆ ಹೆಂಗಸರು ಒಂದು ಗುಡಿಯ ಕಟ್ಟೆಯ ಮೇಲೆ ಕೂತಿದ್ದರು, ಸುತ್ತ ಹತ್ತಿಪ್ಪತ್ತು ಜನ ನಿಂತಿದ್ದರು. ಅವರನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ ಬಸ್ಸು ಹತ್ತಿಸಿದರು. ಏನೂ ಆಗಲಿಲ್ಲ. ಏನೂ ಆಗದ್ದರಿಂದ ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಹುಡುಗನಿಗೆ ಒಂದು ರೂಪಾಯಿಯೂ ಸಿಗಲಿಲ್ಲ.

ಕಾಕಿಗೆ ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವಳಿಗೆ ನಾನು ನಿಜ ಹೇಳಿದ್ದು ಕಾರ್ಯಾಗಾರ ಮುಗಿದ ಮೇಲೆ, ಆ ದೀಪಾವಳಿಗೆ ಊರಿಗೆ ಹೋದಾಗ. ‘ನೀ ಬೇಕಂತ ಹಾಕಿದ್ದೇನು? ಇರ್ಲಿ ಬಿಡಪಾ, ಶೇಂಗಾ ಹೋಳಿಗಿ ತಿನ್ನು’ ಅಂದಳು. ಕಾಕಾನ ಮಗ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಅಂದಿನಿಂದ ಅವನಿಗೆ ಬಂದ ಪ್ರತಿ ವಿಡಿಯೊವನ್ನೂ ನನಗೆ ಕಳಿಸುತ್ತಾನೆ. ಒಂದೇ ಪ್ರಶ್ನೆ, ‘ಅಣ್ಣಾ, ಇದು ಖರೇ ಏನು?’

ಮೊನ್ನೆ ರಾತ್ರಿ ಒಂದು ಬಂತು. ಹಳ್ಳದಲ್ಲಿ ಅರ್ಧ ಮುಳುಗಿದ ಬಸ್ಸು, ಇವತ್ತಿನದೇ, ನಮ್ಮ ತಾಲೂಕಿನದೇ ಎಂಬ ಒಕ್ಕಣೆ. ನಾನು ಮೆಟ್ರೋದಲ್ಲಿದ್ದೆ. ‘ಬಸ್ಸಿನ ಮ್ಯಾಲ ಏನು ಬರದದ ನೋಡು’ ಎಂದು ಕಳಿಸಿದೆ.

ಐದು ನಿಮಿಷ ಬಿಟ್ಟು ಉತ್ತರ ಬಂತು. ‘ಝೂಮ್ ಮಾಡಿ ನೋಡ್ದೆ. ಈಶಾನ್ಯ ಅಂತ ಅದ. ಹಳೇದು ಇರಬೇಕು.’

‘ಹಳೇ ಬಸ್ಸೂ ಇನ್ನೂ ಓಡ್ತಿರಬಹುದಲ್ಲ?’

‘ಹೌದಲ್ಲ. ಡಿಪೋಕ್ಕ ಫೋನ್ ಹಚ್ಚೀನಿ. ಎತ್ತವಲ್ಲರು. ತಡಿ, ಮತ್ತ ಹಚ್ತೀನಿ.’